ಪುಗಸಟ್ಟೆ ಪ್ಲಗಿನ್ನುಗಳೂ ನಮ್ಮ ಮನೆಯ ಮಗ್ಗದ ಸಪ್ಪಳವೂ

ಮಗ್ಗದ ಶೆಡ್ಡಿಗೆ ಗೋಡೆ ಹಂಚಿಕೊಂಡ ಕೋಣೆಯಲ್ಲಿ ಹಾಡು ರೆಕಾರ್ಡ್ ಮಾಡಲು ಕೂತವಳು ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬರುತ್ತವೆ.

ನಮ್ಮದು ಬನಹಟ್ಟಿ. ಮುಂದೆ ಪಡಸಾಲೆ, ಹಿಂದೆ ಪಾವರ್‌ಲೂಮಿನ ಶೆಡ್ಡು, ನಡುವೆ ನೂಲು ಇಡುವ ಒಂದು ಕೋಣೆ. ನೂಲೆಲ್ಲ ಅಟ್ಟಕ್ಕೆ ಹೋದ ಮೇಲೆ ಆ ಕೋಣೆಯನ್ನು ನಾನು ಕೇಳಿ ಪಡೆದೆ. ಸಪ್ಪಳ ತಡೆಯಲೆಂದು ಗೋಡೆಗೆಲ್ಲ ಅವ್ವನ ಹಳೆ ಕೌದಿ ತೂಗುಹಾಕಿ, ಲ್ಯಾಪ್‌ಟಾಪು, ಒಂದು ಮೈಕು, ಕಿವಿ ಪೂರ್ತಿ ಮುಚ್ಚುವ ಒಂದು ಹೆಡ್‌ಫೋನು ಇಟ್ಟುಕೊಂಡೆ. ಅಪ್ಪ ಆವತ್ತೇ ಹೇಳಿದ್ದ: “ಉಗಾದಿ ತನಕಾ ನಿಂದು. ಆಮ್ಯಾಲ ಅಲ್ಲಿ ಹೊಸಾ ಮಗ್ಗ ಬರತೈತಿ.”

ಅಪ್ಪನಿಗೆ ಎದುರು ಹೇಳುವುದು ನನ್ನಿಂದಾಗದು. ಧೈರ್ಯದ ಮಾತು ಹಾಗಿರಲಿ, ನನ್ನ ದನಿಯೇ ಸಣ್ಣದು. ಜಮಖಂಡಿಯ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಟೀಚರು ಬೆರಳು ತುಟಿಗಿಟ್ಟು ಮೆತ್ತಗೆ ಮಾತಾಡುವುದನ್ನು ಕಲಿಸಿದರು. ಮನೆಗೆ ಬಂದರೆ ಮಗ್ಗ. ಹುಟ್ಟಿದಂದಿನಿಂದ ನಾನಾಡಿದ ಮಾತುಗಳಲ್ಲಿ ಅರ್ಧದಷ್ಟು ಈ ಮನೆಯಲ್ಲಿ ಯಾರಿಗೂ ಮುಟ್ಟಿಲ್ಲ. ಅಪ್ಪನ ಕಿವಿ ಮಗ್ಗದ ನಡುವೆ ಸವೆದವು. ಕೇಳಿಸದಿದ್ದರೆ “ಆತಾತು” ಎಂದು ತಲೆಯಾಡಿಸಿ ಮುಂದೆ ಹೋಗುವುದು ಅವನ ರೂಢಿ.

ಡಾಬಿ ಇದ್ದಂಗ

ಪ್ಲಗಿನ್ ಅಂದರೇನು ಎಂದು ಅವ್ವನಿಗೆ ತಿಳಿಸಿ ಹೇಳುವುದೇ ಮೊದಲ ಪರೀಕ್ಷೆಯಾಯಿತು.

“ಮಗ್ಗ ಇರತೈತಿ ಅಲ್ಲಾ? ಅದಕ್ಕ ಸೀರಿ ಅಂಚಿನ್ಯಾಗ ಹೂವು ಬರಲಿ ಅಂತ ಮ್ಯಾಲ ಡಾಬಿ ಕೂಡ್ರಸತಾರಲ್ಲಾ? ಇದು ಹಾಡಿನ ಸಾಫ್ಟ್‌ವೇರಿಗಿ ಕೂಡ್ರಸೂ ಡಾಬಿ ಇದ್ದಂಗ. ಒಂದು ಸಪ್ಪಳ ತಗೀತೈತಿ, ಒಂದು ಸುರ ತಿದ್ದತೈತಿ, ಒಂದು ದನಿ ಗುಂಯ್ ಅನಸತೈತಿ.”

“ಡಾಬಿ ಅಂದ್ರ ತುಟ್ಟಿ ಇರಬೇಕಲ್ಲ.”

“ಪುಗಸಟ್ಟಿ ಅವ್ವಾ. ಯಾವದೋ ದೇಶದ ಹುಡುಗ ತಾನ ಕುಂತು ಮಾಡಿ, ಬೇಕಾದವರು ತಗೋರಿ ಅಂತ ಇಟ್ಟಾನ.”

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಆಮೇಲೆ ನಿಜವಾದ ಕಾಳಜಿಯಿಂದ ಕೇಳಿದಳು: “ಅಂವಗ ಮನ್ಯಾಗ ಬೈಯೂದಿಲ್ಲೇನ?”

ಗುಮ್ಮಟ

ಪುಗಸಟ್ಟೆ ಸಿಗುವುದರಲ್ಲಿ ಒಂದು ತೊಂದರೆಯಿದೆ. ಒಂದೇ ಸಾಕೆನ್ನುವಲ್ಲಿ ಹತ್ತು ಇಳಿಸಿಕೊಳ್ಳುತ್ತೇವೆ, ಆಮೇಲೆ ಯಾವುದು ಛಲೋ ಎಂದು ತೂಗಿ ನೋಡುವುದರಲ್ಲೇ ಹಾಡು ಮರೆತುಹೋಗುತ್ತದೆ. ದನಿಗೆ ಗುಂಯ್‌ಗುಡುವಿಕೆ ಕೊಡುವ ರಿವರ್ಬ್‌ಗಳೇ ನನ್ನ ಹತ್ತಿರ ಮೂರಿದ್ದವು. ಒಂದು ಹಚ್ಚಿದರೆ ಬಚ್ಚಲಮನೆಯಲ್ಲಿ ಹಾಡಿದಂತೆ. ಇನ್ನೊಂದು ಖಾಲಿ ಕಲ್ಯಾಣ ಮಂಟಪದಂತೆ. ಮೂರನೆಯದು ನೇರ ವಿಜಾಪುರದ ಗೋಳಗುಮ್ಮಟ. ಕಲ್ಯಾಣ ಮಂಟಪದ್ದೇ ನನಗೆ ಇಷ್ಟ. ಅದನ್ನು ಅರ್ಧಕ್ಕಿಂತ ಕಡಿಮೆ ಇಟ್ಟರೆ ದನಿಯ ಸುತ್ತ ಒಂದಿಷ್ಟು ಗಾಳಿ ಮಾತ್ರ ಬರುತ್ತದೆ.

ರಬಕವಿಯ ಸೀರೆ ಅಂಗಡಿಯ ಸಾಹುಕಾರರೊಬ್ಬರು ಬಂದರು. ಆಟೋದ ಮೇಲೆ ಮೈಕು ಕಟ್ಟಿ ಊರೂರು ಕೂಗಿಸುವ ಜಾಹೀರಾತು ಆಗಬೇಕಿತ್ತು. ಮೂರೂ ಕೇಳಿಸಿದೆ.

“ಮೂರನೇದ ಇರಲಿ.”

“ಕಾಕಾರ, ಅದರಾಗ ಮಾತು ತಿಳಿಯೂದಿಲ್ಲರಿ.” ಮೆತ್ತಗೆ ಹೇಳಿದೆ.

“ಇನ್ನ ಸ್ವಲ್ಪ ಜಾಸ್ತಿ ಮಾಡು” ಎಂದರು.

ಮಾಡಿದೆ. ಮರುದಿನ ಆಟೋ ಹೊರಟಿತು. “ಬರ್ರಿ” ಎಂದದ್ದು ಬನಹಟ್ಟಿಯಲ್ಲಿ ಶುರುವಾಗಿ ಚಿಮ್ಮಡದ ದಾರಿಯಲ್ಲಿ ಮುಗಿಯುತ್ತಿತ್ತು. ಅಷ್ಟರಲ್ಲಿ ಅಂಗಡಿಯ ಹೆಸರು ಅದರ ಮೇಲೆ ಬಿದ್ದು, ಸೀರೆಯ ಹೆಸರು ಅಂಗಡಿಯ ಮೇಲೆ ಬಿದ್ದು, ಆಕಾಶವಾಣಿ ಕೇಳಿದಂತೆ ಜನ ಮೇಲೆ ನೋಡುತ್ತಿದ್ದರು. ನಾನು ಎರಡು ದಿನ ಮನೆಯಿಂದ ಹೊರಗೆ ಬರಲಿಲ್ಲ.

ಸಾಹುಕಾರರೇ ಪೇಡೆ ಹಿಡಿದು ಬಂದರು. “ಕೆಲಸಾ ಅಂದ್ರ ಇದು ನೋಡವಾ! ಒಬ್ಬರಿಗೂ ತಿಳೀಲಿಲ್ಲ. ಓಣಿಗಿ ಹತ್ತು ಮಂದಿ ಆಟೋ ನಿಂದರಿಸಿ, ‘ಯಾ ಅಂಗಡೀಪಾ ಇದು?’ ಅಂತ ಕೇಳಾಕತ್ತಾರ!”

ಸವಾಲು

ಸುರ ತಿದ್ದುವ ಪ್ಲಗಿನ್ನು ಎರಡಿವೆ. ಮೊದಲನೆಯದು ಮೆದು ಸ್ವಭಾವದ್ದು, ಹಾಡುವವರ ಬೆನ್ನಿಗೆ ಕೈಯಿಟ್ಟು ದಾರಿ ತೋರಿಸಿದಂತೆ. ಎರಡನೆಯದು ಕಿವಿ ಹಿಂಡಿ ಬೆಂಚಿನ ಮೇಲೆ ನಿಲ್ಲಿಸುತ್ತದೆ. ಅದಕ್ಕೆ ನಾನಿಟ್ಟ ಹೆಸರು ಮಾಸ್ತರು.

ಚಿಮ್ಮಡದಿಂದ ಡೊಳ್ಳಿನ ಪದ ಹಾಡುವ ಅಜ್ಜನೊಬ್ಬ ಬಂದ. ಹೆಗಲ ಮೇಲೆ ಕಂಬಳಿ, ಹಣೆ ತುಂಬ ಅರಿಶಿನದ ಭಂಡಾರ. ಕುರುಬರ ದೇವರು ಬೀರಪ್ಪನ ಪದವೊಂದನ್ನು ಮೊಮ್ಮಕ್ಕಳ ಮೊಬೈಲಿಗೆ ಹಾಕಿಸಬೇಕಿತ್ತು. ಕಣ್ಣು ಮುಚ್ಚಿ ಹಾಡಿದ. ಅಜ್ಜನ ಸುರ ಒಂದು ಕಡೆ ನಿಲ್ಲುವಂಥದ್ದಲ್ಲ, ಏರುತ್ತ ಜಾರುತ್ತ ಕುರಿಹಿಂಡಿನಂತೆ ಅಲೆಯುತ್ತದೆ. ಮಾಸ್ತರು ಇದಕ್ಕೆ ಏನೆನ್ನುತ್ತಾರೆ ಎಂಬ ಕುತೂಹಲಕ್ಕೆ ಹಚ್ಚಿ ಸ್ಪೀಕರಿನಲ್ಲಿ ಕೇಳಿಸಿಬಿಟ್ಟೆ.

ಅಜ್ಜ ಕಣ್ಣು ತೆರೆದ. “ಯಾರವಾ ಇಂವ?”

“ನೀವ ಅಜ್ಜಾರ.”

“ನಾ ಹಿಂಗ ಇಸ್ತ್ರಿ ಹೊಡದಂಗ ಹಾಡಾಂವ ಅಲ್ಲ. ಯಾ ಊರಾಂವ ಕೇಳು.”

ಡೊಳ್ಳಿನ ಪದದಲ್ಲಿ ಎರಡು ಮೇಳ ಎದುರುಬದುರು ಕೂಡುತ್ತವೆ. ಒಂದು ಮೇಳ ಹಾಡಿನಲ್ಲೇ ಸವಾಲು ಹಾಕಿದರೆ ಇನ್ನೊಂದು ಹಾಡಿನಲ್ಲೇ ಜವಾಬು ಕೊಡಬೇಕು; ಕೊಡದಿದ್ದರೆ ಸೋತಂತೆ. ಅಜ್ಜನಿಗೆ ಎದುರಾಳಿ ಸಿಕ್ಕಿದ್ದ. ಕಂಬಳಿ ಸರಿಮಾಡಿಕೊಂಡು ಸ್ಪೀಕರಿನ ಎದುರು ಕೂತು, ತೊಡೆ ಬಡಿಯುತ್ತ, ಬೀರಪ್ಪನ ಹುಟ್ಟಿನ ಕುರಿತು ಒಂದು ಉದ್ದನೆಯ ಸವಾಲು ಹಾಡಿದ. ಆಮೇಲೆ ಕೈ ಕಟ್ಟಿ ಕಾದ.

“ಅಜ್ಜಾರ, ಅದು…” ಎಂದೆ. ಗೋಡೆಯಾಚೆ ಮಗ್ಗ. ಕೇಳಿಸಲಿಲ್ಲ.

ಬಹಳ ಹೊತ್ತು ಯಾರೂ ಮುಟ್ಟದ್ದರಿಂದ ಲ್ಯಾಪ್‌ಟಾಪಿನ ತೆರೆ ತಾನಾಗಿ ಕಪ್ಪಾಯಿತು.

ಅಜ್ಜ ಎದ್ದು ನಿಂತು ಮೀಸೆ ತಿರುವಿದ. “ಮಾರಿ ಮುಚಗೊಂಡ ನೋಡವಾ. ಸೋತ ಮಗಾ!”

ಜೋಗುಳ

ನನ್ನ ಸೋದರತ್ತೆ ಎದುರು ಮನೆಯಲ್ಲೇ ಇದ್ದಾಳೆ. ದಿನವಿಡೀ ಕಂಡಿಕೆ ಸುತ್ತುವ ಕೆಲಸ, ಅಂದರೆ ಲಾಳಿಯೊಳಗೆ ಇಡುವ ಸಣ್ಣ ನಳಿಗೆಗೆ ನೂಲು ತುಂಬುವುದು. ಅವಳ ಜೋಗುಳ ನನಗೆ ಬೇಕಿತ್ತು, ನಾನೂ ಅದನ್ನೇ ಕೇಳಿ ಬೆಳೆದವಳು. ಮಡಿಲಲ್ಲಿ ಮೊಮ್ಮಗಳನ್ನು ಹಾಕಿಕೊಂಡು ಮೈಕಿನ ಮುಂದೆ ಕೂತು ಹಾಡತೊಡಗಿದಳು. ಲ್ಯಾಪ್‌ಟಾಪಿನ ತೆರೆಯ ಮೇಲೆ ಸದ್ದಿನ ಗೆರೆಯೆಲ್ಲ ಕೆಂಪಗಾಯಿತು.

“ಅತ್ತಿ, ಜೋಗುಳಾನ ಇಷ್ಟು ಜೋರ ಹಾಡಿದ್ರ ಕೂಸು ಮಲಗತೈತೇನ?”

“ಮಗ್ಗದ ಮನ್ಯಾಗ ಮೆತ್ತಗ ಹಾಡಿದ್ರ ಕೂಸಿಗಿ ಕೇಳಬೇಕಲ್ಲ ಬೇ!”

ಆ ಹಾಡಿನ ಹಿಂದೆಲ್ಲ ಮಗ್ಗವಿತ್ತು. ಸಪ್ಪಳ ತೆಗೆಯುವ ಪುಗಸಟ್ಟೆ ಪ್ಲಗಿನ್ನು ಮೂರು ತಂದು ಒಂದೊಂದಾಗಿ ಹಚ್ಚಿದೆ. ಮೊದಲನೆಯದು ಮಗ್ಗದ ಜೊತೆಗೆ ಅತ್ತೆಯ ಹಲ್ಲನ್ನೂ ತೆಗೆಯಿತು. ಸಕಾರ ಶಕಾರ ಒಂದೂ ಉಳಿಯಲಿಲ್ಲ. ಎರಡನೆಯದರಲ್ಲಿ ಅತ್ತೆ ಕೊಡದೊಳಗೆ ಕೂತು ಹಾಡಿದಂತಿತ್ತು. ಮೂರನೆಯದು ಪಾಪ, ಸಾವಧಾನದ್ದು. ಮೊದಲು ಬರೀ ಮಗ್ಗದ ಸದ್ದನ್ನು ಕೇಳಿಸಿದರೆ, ಗುರುತು ಹಿಡಿದು ಅದನ್ನಷ್ಟೇ ಹೆಕ್ಕಿ ತೆಗೆಯುತ್ತದೆ. ಅತ್ತೆಯ ದನಿ ತೊಳೆದಿಟ್ಟಂತೆ ಬಂತು. ಅವಳ ಉಸಿರು ನಾನು ಕೇಳಿದ್ದು ಅದೇ ಮೊದಲು. ಕಣ್ಣು ತುಂಬಿ ಬಂದವು.

ಅತ್ತೆಯ ಮೊಬೈಲಿಗೆ ಕಳಿಸಿದೆ. ಆವತ್ತು ಸಂಜೆ ಕೂಸಿಗೆ ಹಚ್ಚಿ ತೋರಿಸಿದಳು. ಅರೆನಿದ್ದೆಯಲ್ಲಿದ್ದ ಕೂಸು ಕಣ್ಣರಳಿಸಿ, ಏನೋ ಕಳೆದುಹೋದಂತೆ ಅತ್ತ ಇತ್ತ ನೋಡಿ, ಅಳಲು ಶುರು ಮಾಡಿತು. ಮಗ್ಗದ ಸಪ್ಪಳವಿದ್ದ ಮೊದಲಿನದನ್ನೇ ಹಚ್ಚಿದೆವು. ಮಲಗಿತು.

ನಮ್ಮ ಓಣಿಯೇ ಹಾಗೆ. ಸಪ್ಪಳಕ್ಕೆ ಯಾರಿಗೂ ಎಚ್ಚರವಾಗುವುದಿಲ್ಲ, ಸಪ್ಪಳ ನಿಂತರೆ ಎಚ್ಚರ. ಮಗ್ಗ ನಿಂತಿತೆಂದರೆ ಕರೆಂಟ್ ಹೋಯಿತೆಂದೇ ಅರ್ಥ. ಆಗ ಒಬ್ಬರು ಕೂಗಿದರೆ ಸಾಕು, ಎಲ್ಲರ ಕೈಯೂ ಮೊದಲು ಮಗ್ಗ ಬಂದ್ ಮಾಡುವ ಬಟನ್ನಿಗೆ ಹೋಗುತ್ತದೆ. ಇಲ್ಲದಿದ್ದರೆ ಕರೆಂಟ್ ತಿರುಗಿ ಬಂದಾಗ ಎಲ್ಲ ಮಗ್ಗ ಒಮ್ಮೆಲೇ ಒದ್ದುಕೊಂಡು ನೂಲು ಹರಿಯುತ್ತವೆ.

ಅತ್ತೆ ಕೂಸಿನ ಬೆನ್ನು ತಟ್ಟುತ್ತ ತೀರ್ಪು ಕೊಟ್ಟಳು: “ನಿನ್ನ ಪುಗಸಟ್ಟಿ ಸಾಮಾನು ಖರೇನ ಛಲೋ ಐತಿ ಬೇ. ಮುಂಜಾನೆ ಕೂಸಿನ್ನ ಎಬ್ಬಸಾಕ ಆಗತೈತಿ.”

ಕರೆಂಟ್ ಹೋದದ್ದು

ಉಗಾದಿ ಹತ್ತಿರ ಬಂತು. ಒಂದು ಮಧ್ಯಾಹ್ನ ಅಪ್ಪ ಮಗ್ಗದ ಮಿಸ್ತ್ರಿಯನ್ನು ಕರೆದುಕೊಂಡು ನನ್ನ ಕೋಣೆಗೆ ಬಂದ. ಮಿಸ್ತ್ರಿಯ ಕೈಯಲ್ಲಿ ಅಳತೆಯ ಟೇಪು. ಶೆಡ್ಡಿನ ಬಾಗಿಲು ತೆರೆದೇ ಇತ್ತು, ಮಗ್ಗಗಳು ಭರ್ತಿ ನಡೆದಿದ್ದವು.

ನಾನು ಎದ್ದು ನಿಂತು ಹೇಳಿದೆ: “ಅಪ್ಪಾ, ಈ ಕೋಣಿ ನನಗ ಬೇಕು.”

“ಆತಾತು” ಎಂದು ಅಪ್ಪ ಮಿಸ್ತ್ರಿಯ ಕಡೆ ತಿರುಗಿದ. “ಇಲ್ಲಿಂದ ಆ ಗ್ವಾಡಿತನಕಾ ಅಳಿ.”

ಇನ್ನೊಮ್ಮೆ ಹೇಳಿದೆ, ನನ್ನ ಮಟ್ಟಿಗೆ ಜೋರಾಗಿಯೇ.

“ಹ್ಞೂಂ, ಊಟಕ್ಕ ಬರತೇನಿ ಅನ್ನು ಅವ್ವಗ.”

ಮಿಸ್ತ್ರಿ ಒಂದು ಕೌದಿಯನ್ನು ಗೋಡೆಯಿಂದ ಕೆಳಗಿಳಿಸಿದ. ಅದು ನೆಲಕ್ಕೆ ಬಿದ್ದಾಗ ನನಗೆ ತಡೆಯಲಾಗಲಿಲ್ಲ. ಬಾಯಿಂದ ಆಗದ್ದನ್ನು ಮೈಕಿನಿಂದ ಮಾಡೋಣ ಎನಿಸಿತು. ಅಪ್ಪನ ಕೈ ಹಿಡಿದು ಕುರ್ಚಿಯಲ್ಲಿ ಕೂರಿಸಿ ಹೆಡ್‌ಫೋನ್ ಅವನ ಕಿವಿಗೆ ಏರಿಸಿದೆ. ಮೈಕು ಹತ್ತಿರಕ್ಕೆ ಎಳೆದು, ಆ ಮೂರನೆಯ ಪ್ಲಗಿನ್ನು ಹಚ್ಚಿದೆ. ಇನ್ನು ಮಗ್ಗ ಹೋಗಿ ನನ್ನ ದನಿಯೊಂದೇ ಅವನಿಗೆ ಕೇಳಬೇಕು. ಅಷ್ಟು ಸಿದ್ಧವಾದ ಮೇಲೆ, ನನ್ನ ಸ್ವಭಾವದಂತೆ, ಹೇಗೆ ಶುರು ಮಾಡಲಿ ಎಂದು ಯೋಚಿಸುತ್ತ ನಿಂತೆ.

ಅಪ್ಪನ ಮುಖ ಬದಲಾಯಿತು. ಹುಬ್ಬು ಏರಿತು. ನೆಲ ಪಾದದ ಕೆಳಗೆ ನಡುಗುತ್ತಲೇ ಇತ್ತು, ಆದರೆ ಅವನು ನಂಬಿದ್ದು ಕಿವಿಯನ್ನು. ಕೂತಲ್ಲಿಂದಲೇ ಶೆಡ್ಡಿನ ಕಡೆ ಗಂಟಲು ಬಿಚ್ಚಿದ:

“ಕರೆಂಟ್ ಹೋತು! ಬಂದ್ ಮಾಡ್ರಿ ಎಲ್ಲಾ!”

ನೇಕಾರರು ಕಣ್ಣ ಮುಂದೆ ಮಗ್ಗ ನಡೆದದ್ದನ್ನು ನೋಡುತ್ತಲೇ ಇದ್ದರು. ಆದರೂ ಆ ಕೂಗಿಗೆ ಕೈ ತಾನಾಗಿ ಬಟನ್ನಿಗೆ ಹೋದವು. ಟಕ್, ಟಕ್, ಟಕ್. ಎಲ್ಲ ಮಗ್ಗವೂ ನಿಂತವು.

ಅಪ್ಪ ಹೆಡ್‌ಫೋನ್ ತೆಗೆದು ಕಿವಿಗೊಟ್ಟು ಕೇಳಿದ. ಎಲ್ಲೂ ಒಂದು ಸಪ್ಪಳವಿಲ್ಲ. ನನ್ನ ಕಡೆ ತಿರುಗಿ, “ನೋಡಿದಿ? ನಾ ಹೇಳಲಿಲ್ಲಾ?” ಎಂದ.

ಎದುರು ಮನೆಯಲ್ಲಿ ಕೂಸು ಎದ್ದು ಅಳತೊಡಗಿತು. ಅತ್ತೆ ಓಡಿ ಬಂದಳು. ಅವ್ವ ಕೈಯಲ್ಲಿ ಸವಟು ಹಿಡಿದೇ ಬಂದಳು. ನೇಕಾರರು ಬಾಗಿಲಲ್ಲಿ ಗುಂಪಾದರು. ಸರಿಯಾಗಿ ಅದೇ ಹೊತ್ತಿಗೆ, ಮೈಕಿನ ಮುಂದೆ ನಾನು ಕೂಡಿಸಿಟ್ಟುಕೊಂಡಿದ್ದ ಮಾತು ಬಾಯಿಂದ ಹೊರಗೆ ಬಿತ್ತು.

“ಅಪ್ಪಾ, ಈ ಕೋಣಿ ನನಗ ಬೇಕು. ಇಲ್ಲಿ ಮಗ್ಗ ಹಾಕಿದ್ರ ನಾ ಹಾಡಿನ ಕೆಲಸ ಎಲ್ಲಿ ಮಾಡ್ಲಿ?”

ಆ ನಿಶ್ಶಬ್ದದಲ್ಲಿ ನನ್ನ ದನಿ ಎಷ್ಟು ದೊಡ್ಡದಾಗಿ ಕೇಳಿತೆಂದರೆ ನಾನೇ ಹೆದರಿದೆ. ಅಪ್ಪ ನನ್ನನ್ನೇ ನೋಡಿದ, ಹೊಸದಾಗಿ ಪರಿಚಯವಾದವಳನ್ನು ನೋಡುವಂತೆ.

“ಇದನ್ನ ಮೊದಲ ಯಾಕ ಹೇಳಲಿಲ್ಲವಾ?”

“ಈಗ ಎರಡು ಸಲಾ ಹೇಳೇನಿ ಅಪ್ಪಾ. ನೀ ಆತಾತು ಅಂದಿ.”

ಬಾಗಿಲಲ್ಲಿದ್ದ ಹಿರಿಯ ನೇಕಾರ ಕೆಮ್ಮಿದ. “ಸಾವಕಾರ್ರ, ನೀವ ಆತು ಅಂದಮ್ಯಾಲ ಮುಗೀತಲ್ಲರಿ.”

ಎಲ್ಲರೂ ನಕ್ಕರು. ಅಪ್ಪನೂ ನಗಬೇಕಾಯಿತು. ಬಿದ್ದ ಕೌದಿಯನ್ನು ತಾನೇ ಎತ್ತಿ ಮಿಸ್ತ್ರಿಯ ಕೈಗೆ ಕೊಟ್ಟ. “ಇದನ್ನ ಇದ್ದಲ್ಲೇ ಕಟ್ಟು. ನಡಿ, ಪಡಸಾಲಿ ಅಳಿಯೂಣು.”

“ಪಡಸಾಲ್ಯಾಗ ಮಗ್ಗಾ?” ಅವ್ವ ಸವಟು ಎತ್ತಿದಳು. “ಬಂದವರು ಎಲ್ಲಿ ಕುಂದರಬೇಕ್ರಿ?”

ಅಪ್ಪ ನನ್ನ ಕಡೆ ಬೆರಳು ಮಾಡಿದ. “ಇಕಿ ಕೋಣ್ಯಾಗ. ಕೌದಿ ಅದಾವ, ತಂಪಗ ಐತಿ.”

ಹೀಗೆ ಕೋಣೆ ನನಗೇ ಉಳಿಯಿತು. ಉಗಾದಿಯಿಂದ ಈಚೆಗೆ ಮುಧೋಳದ ಬೀಗರು, ಬೀಳಗಿಯ ನೆಂಟರು, ನೂಲಿನ ಏಜೆಂಟರು ಎಲ್ಲರೂ ನನ್ನ ಮೈಕಿನ ಸುತ್ತಲೇ ಕೂತು ಚಹಾ ಕುಡಿಯುತ್ತಾರೆ. ನಾನು ಮೂಲೆಯಲ್ಲಿ ಲ್ಯಾಪ್‌ಟಾಪು ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತೇನೆ. ಹೊಸಬರು ಯಾರಾದರೂ ಸಂಕೋಚದಿಂದ ಸುಮ್ಮನಿದ್ದರೆ, ಅಪ್ಪ ಹೆಮ್ಮೆಯಿಂದ ನನ್ನ ಕಡೆ ಕೈ ತೋರಿಸಿ, ಎರಡು ಓಣಿ ದಾಟುವ ದನಿಯಲ್ಲಿ ಹೇಳುತ್ತಾನೆ:

“ಮೆತ್ತಗ ಮಾತಾಡ್ರಿ, ಮೆತ್ತಗ! ನನ್ನ ಮಗಳ ಕೋಣ್ಯಾಗ ಎಲ್ಲಾ ಕೇಳತೈತಿ!”