ಸಾಹೇಬರು ಸಂಕ ದಾಟಿದ್ದು

ಅಕ್ಕು ಒಂದು ಹಿಡಿ ಬೂದಿ, ಒಂದು ಮುಷ್ಟಿ ತೆಂಗಿನ ನಾರು ಹಿಡಿದು ಬೆಳಿಗ್ಗೆ ಆರಕ್ಕೇ ತೋಡಿನ ಬದಿಗೆ ಹೋಗದಿದ್ದರೆ, ಅವಳ ಗಂಡ ಐತ ಸೇತುವೆಗಾಗಿ ವರ್ಷಕ್ಕೊಂದರಂತೆ ಬರೆದ ಹನ್ನೊಂದು ಅರ್ಜಿಗಳೂ ಅಂದೇ ಗೆಲ್ಲುತ್ತಿದ್ದವು.

ಬೈಂದೂರಿನಿಂದ ಒಳಗೆ, ಡಾಂಬರು ಮುಗಿದ ಮೇಲೆ ಸಿಗುವ ಕಿರುಹಿತ್ಲಿಗೆ ಹೊರಲೋಕದ ನಂಟೆಂದರೆ ಊರಂಚಿನಲ್ಲಿ ಹರಿಯುವ ತೋಡಿಗೆ ಅಡ್ಡ ಮಲಗಿಸಿದ ಒಂದು ತೆಂಗಿನ ಮರ. ಅದೇ ಕಾಲುಸಂಕ. ಪ್ರತಿ ಮಳೆಗಾಲ ಅದು ಕೊಚ್ಚಿಹೋಗುತ್ತಿತ್ತು, ಪ್ರತಿ ಸಲ ಐತನೇ ಹೊಸ ಮರ ಹಾಕುತ್ತಿದ್ದ. ಓಟು ಕೇಳುವವರೋ, ಬೇಸಿಗೆಯಲ್ಲಿ ಒಣ ಮರಳಿನ ಮೇಲೆ ನಡೆದು ಬಂದು, "ಸೇತುವೆ ಆಯಿತೆಂದೇ ತಿಳಿಯಿರಿ" ಎಂದು ಕೈಮುಗಿದು ಹೋಗುತ್ತಿದ್ದರು. ಕೊನೆಗೂ ಈ ದಿನ, ನೀರು ಇಳಿಯುವ ಮೊದಲೇ, ಇಂಜಿನಿಯರ್ ರಾಜೇಂದ್ರ ಕಣ್ಣಾರೆ ನೋಡಲು ಬರುವವರಿದ್ದರು. ಪಾಚಿಯ ಮೇಲೆ ಸಾಹೇಬರ ಬೂಟು ಒಮ್ಮೆ ಜಾರಿದರೆ ಸೇತುವೆ ಖಾತ್ರಿ ಎಂದು ಐತ ನಂಬಿದ್ದ.

ಐತ ಬಂದು ನೋಡಿದರೆ ಮರ ಮದುಮಗನ ಗಲ್ಲದಂತೆ ಹೊಳೆಯುತ್ತಿದೆ!

"ಎಂತ ಮಾಡ್ದೆ ಮಾರಾಯ್ತಿ?"

"ಪಾಚಿ ತಿಕ್ದೆ. ಊರಿಗ್ ಬಪ್ಪ ನೆಂಟ್ರ್ ಬಿದ್ರೆ ನಮ್ ಮರ್ಯಾದಿ ಒಳಿತಾ?"

"ಅವ್ರ್ ಬೀಳ್ಕ್ ಅಂದೇಳೇ ಕರ್ಸದ್ದ್!"

ಅಷ್ಟರಲ್ಲಿ ನೆರೆಮನೆಯ ಕುಷ್ಟ ಇನ್ನೊಂದು ಮರ ಎಳೆದು ತಂದು ಜೋಡಿಸಿದ. ಮೀನು ಮಾರುವ ಪದ್ದು ಹಳೆ ಬಲೆಯ ಹಗ್ಗದಿಂದ ಎರಡೂ ಬದಿಗೆ ಹಿಡಿದು ನಡೆಯಲು ಕೈತಾಂಗು ಕಟ್ಟಿದಳು.

"ಹ್ವಾಯ್, ಬಿಚ್ಚಿ ಅದನ್ನ!" ಐತ ಕಿರುಚಿದ.

"ಹೊಟ್ಟಿಕಿಚ್ಚ್ ಎಂತಕ್ ಐತಣ್ಣ? ಸಾಯ್ಬ್ರ್ ನಿಮ್ಗೊಬ್ರಿಗೇ ನೆಂಟ್ರಾ?" ಎಂದಳು ಪದ್ದು.

ಹನ್ನೊಂದು ವರ್ಷ ಸರ್ಕಾರ ಮಾಡದ ಕೆಲಸವನ್ನು ಕಿರುಹಿತ್ಲು ಅರ್ಧ ಗಂಟೆಯಲ್ಲಿ ಮುಗಿಸಿತು.

ಸಾಹೇಬರು ಬಂದರು. ಜೇಬಿನಲ್ಲಿ ಕೈಯಿಟ್ಟು, ಸಿಳ್ಳೆ ಹಾಕುತ್ತಾ, ಪೇಟೆಯ ಪಾರ್ಕಿನಲ್ಲಿ ಅಡ್ಡಾಡುವಂತೆ ದಾಟಿಯೇಬಿಟ್ಟರು.

"ಸಾರ್, ಮಳಿಗಾಲ್ದಗ್ ಹ್ಯಾಂಗ್ ಆತ್ ಕಾಣಿ!" ಎಂದು ಐತ ಸಂಕದ ನಡುವಿಗೆ ಓಡಿ, ಜಾರಲು ನೋಡಿದ. ಕಾಲು ಜಾರಲೊಲ್ಲದು. ಹಿಮ್ಮಡಿ ತಿಕ್ಕಿದ, ಒಂಟಿಕಾಲಲ್ಲಿ ನಿಂತ. ಕೊನೆಗೆ ಕಣ್ಣುಮುಚ್ಚಿ ತಾನೇ ಹಾರಿದ. ದುಡುಂ!

ಊರಿನ ಮಾನ ಹೋಯಿತೆಂದು ಕುಷ್ಟ ಮುಂದೆ ಬಂದ. "ತಪ್ಪ್ ತಿಳ್ಕಣ್ಬೇಡಿ ಸಾರ್, ಈ ಸಂಕದಿಂದ ಬಿದ್ದದ್ದ್ ಇವ್ರೊಬ್ರೇ!" ಹೋದ ಮಳೆಗಾಲ ಸೈಕಲ್ ಸಮೇತ ಇದೇ ತೋಡಿಗೆ ಬಿದ್ದು, ಐತನ ಕೈ ಹಿಡಿದು ಮೇಲೆ ಬಂದವನು ಈ ಕುಷ್ಟನೇ.

ಸಾಹೇಬರು ಎಳನೀರು ಕುಡಿದು, ವಿಡಿಯೋ ಮಾಡಿ, ಕಡತ ತೆರೆದರು.

"ಅದ್ಭುತ! ಇದನ್ನ ಕಿತ್ತು ಕಾಂಕ್ರೀಟ್ ಹಾಕೋದಾ? ಪಾರಂಪರಿಕ ಸಂಕ ಅಂತ ಶಿಫಾರಸು ಮಾಡ್ತೀನಿ. ಆಮೇಲೆ ನೂರು ಮೀಟರ್ ಒಳಗೆ ಯಾರೂ ಸೇತುವೆ ಕಟ್ಟೋ ಹಾಗಿಲ್ಲ."

ಊರು ಚಪ್ಪಾಳೆ ತಟ್ಟಿತು.

"ಉಸ್ತುವಾರಿಗೆ ಒಬ್ಬರು ಬೇಕು. ಪ್ರತಿ ಮಳೆಗಾಲ ಹೊಸ ಮರ ಹಾಕಬೇಕು. ಸಂಬಳ ಇಲ್ಲ, ಸರ್ಟಿಫಿಕೇಟ್ ಇದೆ."

ಎಲ್ಲ ಬೆರಳುಗಳೂ ತೋಡಿನಿಂದ ಆಗಷ್ಟೇ ಮೇಲೆ ಹತ್ತುತ್ತಿದ್ದವನ ಕಡೆ ತಿರುಗಿದವು.

ಅಕ್ಕು ಸೆರಗಿನಿಂದ ಗಂಡನ ತಲೆ ಒರೆಸುತ್ತಾ ಬೀಗಿದಳು. "ಕಂಡ್ರ್ಯಾ? ಹನ್ನೊಂದ್ ಅರ್ಜಿಗ್ ಸಿಕ್ದಿದ್ ಸರ್ಕಾರಿ ಕೆಲ್ಸ, ಒಂದ್ ಹಿಡಿ ಬೂದಿಗ್ ಸಿಕ್ತ್!"