ಬಲಗೆನ್ನೆಗೆ ಕಾಡಿಗೆ

ಐವತ್ತರ ಹತ್ತಿರ ಬಂದು ಪಿಯಾನೊ ಕಲಿಯಹೊರಟವಳಿಗೆ ನಗೆಪಾಟಲು ಹುಡುಕಿಕೊಂಡೇ ಬರುತ್ತದೆ. ಇಲ್ಲಿ ಪರದೇಶದಲ್ಲಿ, ಇಟಾಸ್ಕಾದ ಆಫೀಸಿನಿಂದ ಸೀದಾ ಪಾಠಕ್ಕೆ ಓಡುವ ನನಗಂತೂ ಅದು ಒಂದು ವಾರವೂ ತಪ್ಪಿಲ್ಲ.

ಸುಂದರಾಂಗ

ಟೀಚರ್ ಕೊಟ್ಟಿದ್ದು ಇನ್ನೂರು ವರ್ಷ ಹಿಂದಿನ ಒಬ್ಬ ಚೆಕ್ ಸಂಗೀತಗಾರನ ಪುಟ್ಟ ರಚನೆ. ಆತ ಮಹಾ ಚೆಲುವನಂತೆ. ತನ್ನ ಮುಖದ ಒಂದು ಪಕ್ಕ ಸಭೆಗೆ ಚೆನ್ನಾಗಿ ಕಾಣಲೆಂದು ಪಿಯಾನೊವನ್ನೇ ಅಡ್ಡಕ್ಕೆ ತಿರುಗಿಸಿ ಕೂತನಂತೆ. ಇವತ್ತಿಗೂ ವೇದಿಕೆ ಮೇಲೆ ಎಲ್ಲರೂ ಹಾಗೇ ಕೂರುತ್ತಾರೆ. ಕೊನೆಗಾಲದಲ್ಲಿ ಮಾತ್ರ ವಿಪರೀತ ದಪ್ಪಗಾದನಂತೆ.

ಊಟದ ಹೊತ್ತಿಗೆ ಇದನ್ನು ಹೇಳಿದೆ. ಧಾರವಾಡದವರಾದ ನನ್ನ ಗಂಡ ರೊಟ್ಟಿ ಮುರಿಯುತ್ತಾ ಕೇಳಿದರು: “ದಪ್ಪ ಆದಮ್ಯಾಲೆ ಪಿಯಾನೊ ಮತ್ತ ಹೊಳ್ಳಿಸಿದನೇನು?”

ಕುಕ್ಕರ್ ತಾಳ

ಎರಡನೇ ಪುಟದ ಒಂದು ಜಾಗದಲ್ಲಿ ನಾನು ಎಡವುವುದು ಖಾಯಂ. ಎಡವಿದರೆ ನಿಲ್ಲುತ್ತೇನೆ, ಮತ್ತೆ ಮೊದಲಿಂದ ಶುರು. “ಅಮ್ಮಾ, ಜಸ್ಟ್ ಕೀಪ್ ಗೋಯಿಂಗ್!” ಎಂದು ಮಗಳು ಮಹಡಿಯಿಂದ ಕೂಗುತ್ತಾಳೆ. ಊರಿಂದ ಬಂದಿದ್ದ ಅತ್ತೆಗೆ ಮಾತ್ರ ಇದರಿಂದ ಅನುಕೂಲವೇ ಆಗಿತ್ತು.

“ಕುಕ್ಕರ್ ಇಟ್ಟು ನೀ ಬಾರಸಾಕ ಕೂತಿ ಅಂದ್ರ, ಮೂರನೇ ಸಲ ಎಡವೂದಕ್ಕೂ ಅನ್ನ ಆಗೂದಕ್ಕೂ ಸರಿ ಆಗ್ತದ” ಎಂದರು. “ತಪ್ಪಿಲ್ದ ಬಾರಿಸಿಗೀರಿಸೀ ಮತ್ತ, ಅನ್ನ ಹೊತ್ತೀತು!”

ದೃಷ್ಟಿ

ಪಕ್ಕದೂರು ಎಲ್ಕ್ ಗ್ರೋವ್‌ನಲ್ಲಿ ವಿದ್ಯಾರ್ಥಿಗಳ ಸಂಗೀತ ಕಛೇರಿ. ನನ್ನ ಸರದಿ ಆರು ವರ್ಷದ ಹುಡುಗನ ನಂತರ, ಏಳು ವರ್ಷದ ಹುಡುಗಿಗಿಂತ ಮೊದಲು. ಒಂದು ಸಲವಾದರೂ ನಿಲ್ಲದೆ ಮುಗಿಸಬೇಕು, ಅಷ್ಟೇ ನನ್ನ ಆಸೆ.

ಹೊರಡುವಾಗ ಅತ್ತೆ ಕೇಳಿದರು, “ಮಂದಿಗೆ ಯಾವ ಗಲ್ಲ ಕಾಣ್ತದ?”

“ಬಲಗಡೇದು ಅತ್ತೆ.”

ಹೆಬ್ಬೆರಳಲ್ಲಿ ಅಲ್ಲೇ ಒತ್ತಿದರು ಕಾಡಿಗೆ. “ಆ ಚೆಕ್ ಮನಷ್ಯಾಗ ದೃಷ್ಟಿ ತಗಿಯೋರು ಯಾರೂ ಇದ್ದಿದ್ದಿಲ್ಲ. ಅದಕ್ಕ ಹಂಗ ಊದಿದ!”

ಒರೆಸಿಕೊಳ್ಳಬೇಕೆಂದಿದ್ದವಳು ಗಾಬರಿಯಲ್ಲಿ ಮರೆತೇಬಿಟ್ಟೆ. ಪಿಯಾನೊ ಮುಂದೆ ಕೂತೆ. ಎರಡನೇ ಪುಟ ಬಂತು, ಅದೇ ಜಾಗ ಬಂತು, ಬೆರಳು ನಿಂತವು. ಹೊರಡುವ ಮುನ್ನ ಮನೆಯಲ್ಲಿ ಎರಡು ಸಲ ಎಡವಿದ್ದೆ, ಇದು ಮೂರನೆಯದು. ಆಗ ಮುಂದಿನ ಸಾಲಿನಿಂದ ಅತ್ತೆ, ಅಭ್ಯಾಸಬಲದಿಂದ, ಪಕ್ಕದಲ್ಲಿದ್ದ ನನ್ನ ಗಂಡನಿಗೆ ಕೂಗಿದರು: “ಅನ್ನ ಆತು, ಲಗೂನ ಒಲಿ ಆರಸೋ!”

ನನಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಬೆರಳು ಮುಂದಕ್ಕೆ ಓಡಿದವು. ಹಿಂದಕ್ಕೆ ಹೋಗದೆ ಕೊನೆ ಮುಟ್ಟಿದೆ. ಜನ್ಮದಲ್ಲಿ ಅಷ್ಟು ಖುಷಿ ಯಾವತ್ತೂ ಆಗಿರಲಿಲ್ಲ.

ಚಪ್ಪಾಳೆ ಮುಗಿಯಿತು. ಆದರೆ ಮುಂದಿನ ಹುಡುಗಿ ವೇದಿಕೆ ಹತ್ತುತ್ತಿಲ್ಲ. ನೋಡಿದರೆ, ಅತ್ತೆಯ ಮುಂದೆ ಬಲಗೆನ್ನೆ ಒಡ್ಡಿಕೊಂಡು ನಿಂತಿದ್ದಾಳೆ. ಅವಳ ಹಿಂದೆ ಇನ್ನೂ ಮೂವರು, ಅವರ ಹಿಂದೆ ನಮ್ಮ ಟೀಚರ್.