ಗಿಡವಿಲ್ಲದ ಬೇರಿನ ಚಾಕರಿ

ಮಣಿಪಾಲದ ಒಂದು ಪ್ರಯೋಗಾಲಯದಲ್ಲಿ ನನ್ನ ಕೆಲಸ ಬಹಳ ಗಂಭೀರವಾದದ್ದು. ನಾನೂ ಗಂಭೀರ ಮನುಷ್ಯನೇ. ಆದರೂ ವರ್ಷಕ್ಕೆ ನಾಲ್ಕು ಸಲವಾದರೂ ಜನ ನನ್ನನ್ನು ನಗೆಪಾಟಲಿಗೆ ಗುರಿ ಮಾಡದೆ ಬಿಡುವುದಿಲ್ಲ.

೧. ಅತ್ತೆಯ ವಿಚಾರಣೆ

ಆಗ ನನಗೆ ಹೆಣ್ಣು ನೋಡುತ್ತಿದ್ದರು. ಕಾಪುವಿನ ಸೋದರತ್ತೆ ಕೇಳಿದರು, "ನಿನಗೆ ಅಲ್ಲಿ ಎಂತ ಕೆಲಸ ಮಾರಾಯ?"

ಗಾಜಿನ ಶೀಶೆಯಲ್ಲಿ ಮಂಜಿಷ್ಠದ ಬೇರು ಬೆಳೆಸಿ ಕೆಂಪು ಬಣ್ಣ ತೆಗೆಯುತ್ತೇವೆ ಎಂದೆ.

"ಗಿಡ?"

"ಇಲ್ಲ. ಬರೀ ಬೇರು."

"ಮಣ್ಣಾದರೂ ಉಂಟಾ?"

"ಅದೂ ಇಲ್ಲ. ಸಕ್ಕರೆ ನೀರು."

ಅತ್ತೆ ಮಾವನ ಕಡೆ ತಿರುಗಿ, "ಇವನ ಕೆಲಸದ ವಿಷಯ ಹುಡುಗಿ ಮನೆಯವರಿಗೆ ಈಗಲೇ ಹೇಳುವುದು ಬೇಡ" ಎಂದರು.

೨. ತೀರ್ಥ

ಈ ಬಣ್ಣಕ್ಕಾಗಿ ಇನ್ನಂಜೆಯ ಒಬ್ಬರು ಅಕ್ಕ ಕಾಯುತ್ತಿದ್ದರು. ನೂಲಿಗೆ ತಾವೇ ಬಣ್ಣ ಹಾಕಿ ಸೀರೆ ನೇಯುವವರು. ರಾಸಾಯನಿಕ ಬಣ್ಣಕ್ಕೆ ಕೈಯೆಲ್ಲ ಒಡೆದು ಹುಣ್ಣಾಗಿ, ಡಾಕ್ಟರರು ಮಗ್ಗ ಬಿಟ್ಟುಬಿಡಿ ಎಂದಿದ್ದರು. ಆ ಕೈ ನೋಡಿದರೆ ನನಗೆ ಸಂಕಟವಾಗುತ್ತಿತ್ತು.

ಬೇರು ಬಲಿಯಲು ಎರಡು ತಿಂಗಳು ಬೇಕು. ಇನ್ನೊಂದೇ ವಾರ ಎನ್ನುವಾಗ ಆಯುಧ ಪೂಜೆ ಬಂತು. ಪ್ರಯೋಗಾಲಯ ಗುಡಿಸಿ ಒರೆಸುವ ಕೆಲಸದ ಅಮ್ಮ, ಬೇರಿಗೂ ಒಳ್ಳೆಯದಾಗಲಿ ಎಂದು, ಪ್ರತಿ ಶೀಶೆಯ ಮುಚ್ಚಳ ತೆಗೆದು ಒಂದೊಂದು ಚಮಚ ತೀರ್ಥ ಹಾಕಿಬಿಟ್ಟರು. ಮೂರೇ ದಿನಕ್ಕೆ ಎಲ್ಲದರಲ್ಲೂ ಬೂಷ್ಟು.

ನಾನು ಕೂಗಾಡಿದೆ. ಹೊರಗಿನ ಒಂದು ಹನಿಯೂ ಒಳಗೆ ಹೋಗಬಾರದು, ಹಾಕುವುದನ್ನೆಲ್ಲ ಈ ದೊಡ್ಡ ಕುಕ್ಕರಿನಲ್ಲಿ ಬೇಯಿಸಿಯೇ ಹಾಕುವುದು ಎಂದೆ. ಅಮ್ಮ ಕಣ್ಣೊರೆಸಿಕೊಂಡರು.

"ಮೊದಲೇ ಹೇಳುವುದಲ್ವಾ? ಬರುವ ವರ್ಷ ತೀರ್ಥಕ್ಕೂ ಎರಡು ವಿಸಿಲ್ ಕೊಡಿಸುವ."

೩. ವರದಿ

ಮತ್ತೆ ಮೊದಲಿನಿಂದ ಶುರು. ಎರಡು ತಿಂಗಳ ಮೇಲೆ ಬೇರು ಸೋಸಿ, ತೊಳೆದು, ಒಣಗಿಸಿ, ಪುಡಿ ಮಾಡಿದೆವು. ಅಷ್ಟೂ ಶೀಶೆಗಳಿಂದ ಸಿಕ್ಕಿದ್ದು ಒಂದು ಬೊಗಸೆ. ಅಕ್ಕ ಅದರಲ್ಲಿ ನೂಲು ಕುದಿಸಿ ಕೆಂಪು ಅಂಚಿನ ಸೀರೆ ನೇಯ್ದರು. ಆಮೇಲೆ ನಮ್ಮ ಪುಡಿ ಬಿಟ್ಟು ಬೇರೆ ಬಣ್ಣ ಮುಟ್ಟಲಿಲ್ಲ.

ಕೆಲವು ತಿಂಗಳು ಬಿಟ್ಟು, ವರದಿ ಬರೆಯಲೆಂದು ಇನ್ನಂಜೆಗೆ ಹೋದೆ. ಮಗ್ಗದಲ್ಲಿ ಕೂತಿದ್ದ ಅಕ್ಕ ಎರಡೂ ಅಂಗೈ ಬಿಡಿಸಿ ತೋರಿಸಿದರು. ಒಂದು ಗಾಯವಿಲ್ಲ. ನಾನು ಪೆನ್ನು ತೆಗೆದೆ.

"ಪೂರ್ತಿ ಗುಣವಾಗಿದೆ ಎಂದು ಬರೆಯಲಾ ಅಕ್ಕ?"

"ಬರೆಯಿರಿ" ಎಂದವರು, ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದರು. "ಆದರೆ ಜೋರಾಗಿ ಹೇಳಬೇಡಿ ಮಾರಾಯ್ರೆ. ಕೈ ಹಾಳಾದ ಮೇಲೆ ಮೀನು ಕೊಯ್ಯುವುದು ನಮ್ಮ ಯಜಮಾನರು. ಎರಡು ವರ್ಷ ಆಯ್ತು. ಬಂಗುಡೆ ಸರಿಯಾಗಿ ಕೊಯ್ಯಲಿಕ್ಕೆ ಈಗಷ್ಟೇ ಕಲಿತದ್ದು."